ತಾವೇ ಓದಿ ಕಲಿಯುವ ಮಕ್ಕಳು: ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಸಂಜೆ ಐದರಿಂದ ಆರೂವರೆವರೆಗೆ ನಮ್ಮ ಶಾಲೆಯ ವರಾಂಡದಲ್ಲಿ ಮಕ್ಕಳು ಕೂತು ತಾವೇ ಓದುತ್ತಾರೆ. ಆಗ ನಾನು ಪಾಠ ಮಾಡುವುದಿಲ್ಲ. ಕರೆದರೆ ಹೋಗುತ್ತೇನೆ, ಅಷ್ಟೇ. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿ, ಊರೊಳಗೇ ಹೋಗಿ ಕಲಿಸುವ ಸರ್ಕಾರದ ವಿದ್ಯಾಗಮ ಯೋಜನೆಯಲ್ಲಿ ಗುಡಿಯ ಕಟ್ಟೆ, ಮರದ ನೆರಳು ಅಂತ ಕೂತು ಕಲಿಸಿದಾಗ ಈ ಅಭ್ಯಾಸ ಶುರುವಾಯಿತು. ಶಾಲೆ ತೆರೆದ ಮೇಲೂ ಮಕ್ಕಳು ಬಿಡಲಿಲ್ಲ. ಪಾಲಕರು, ಬೇರೆ ಊರಿನ ಶಿಕ್ಷಕರು, ಕೆಲವೊಮ್ಮೆ ಮಕ್ಕಳೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ಸ್ವ-ಕಲಿಕೆ ಅಂದರೆ ಮಗುವನ್ನು ಅದರ ಪಾಡಿಗೆ ಬಿಟ್ಟುಬಿಡುವುದಾ?

ಅಲ್ಲ. ಜಾಸ್ತಿ ಜನ ತಪ್ಪು ತಿಳಿಯುವುದು ಇಲ್ಲೇ. ಮಗು ತಾನೇ ಓದುತ್ತದೆ, ತಾನೇ ಮಾಡಿ ನೋಡುತ್ತದೆ, ಸರಿಯೋ ತಪ್ಪೋ ಅಂತ ತಾನೇ ಹೋಲಿಸಿಕೊಳ್ಳುತ್ತದೆ. ಆದರೆ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಒಬ್ಬ ದೊಡ್ಡವರು ಇರಬೇಕು. ಅವರು ಪಾಠ ಹೇಳಬೇಕಿಲ್ಲ. ಮಗು ಸಿಕ್ಕಿಹಾಕಿಕೊಂಡಾಗ 'ಎಲ್ಲಿವರೆಗೆ ತಿಳೀತು?' ಅಂತ ಕೇಳಿದರೆ ಸಾಕು.

ನಮ್ಮ ರಾಜ್ಯಕ್ಕೆ ಇದು ಹೊಸದೇನೂ ಅಲ್ಲ. ಒಂದರಿಂದ ಮೂರನೇ ತರಗತಿಯ ಮಕ್ಕಳು ಕಾರ್ಡು ಹಿಡಿದು ಕಲಿಯುವ ನಲಿ-ಕಲಿ 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ಮಕ್ಕಳು ಕಲಿಯುವುದನ್ನು ನಮ್ಮ ಶಿಕ್ಷಕರು ನೋಡಿ ಬಂದು ಇಲ್ಲಿಗೆ ಹೊಂದಿಸಿದರು. ಅದರಲ್ಲಿ ಐದು ತಟ್ಟೆಗಳಿವೆ, ಅಂದರೆ ಮಕ್ಕಳು ಕೂರುವ ಐದು ಗುಂಪುಗಳು. ಮೊದಲ ತಟ್ಟೆಯಲ್ಲಿ ಶಿಕ್ಷಕರ ಪೂರ್ತಿ ನೆರವು ಇರುತ್ತದೆ. ಆಮೇಲೆ ಅದು ಕಡಿಮೆಯಾಗುತ್ತದೆ, ಗೆಳೆಯರ ನೆರವು ಬರುತ್ತದೆ, ಕೊನೆಗೆ ಸ್ವ-ಕಲಿಕೆ ತಟ್ಟೆ. ಒಂದನೇ ತರಗತಿಯ ಮಗು ಕೂಡ ತನ್ನ ಕಾರ್ಡು ತಾನೇ ಹುಡುಕಿ ತಂದು ಕೂರುತ್ತದೆ. ಆದರೆ ನಾಲ್ಕನೇ ತರಗತಿಗೆ ಬಂದ ಕೂಡಲೇ ನಾವು ಆ ಅಭ್ಯಾಸ ಬಿಡಿಸಿ, ಸಾಲಾಗಿ ಕೂರಿಸಿ, ಹಲಗೆ ಕಡೆ ನೋಡಿ ಅನ್ನುತ್ತೇವೆ. ನನಗೆ ಇದು ದೊಡ್ಡ ನಷ್ಟ ಅನ್ನಿಸುತ್ತದೆ.

ಯಾವ ಪುಸ್ತಕ ತರಬೇಕು? ಖರ್ಚು ಎಷ್ಟು?

ಮೊದಲು ಮನೆಯಲ್ಲಿ ಇರುವುದನ್ನು ನೋಡಿ. ಪಠ್ಯಪುಸ್ತಕ ಇದೆ. ಅದರಲ್ಲಿ ಅಚ್ಚಾದ ಕ್ಯೂಆರ್ ಕೋಡನ್ನು ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ತೋರಿಸಿದರೆ ಆ ಪಾಠದ ವಿಡಿಯೊ, ಅಭ್ಯಾಸ ತೆರೆಯುತ್ತದೆ. ಹಿಂದಿನ ತರಗತಿಗಳ ಪುಸ್ತಕಗಳು ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಕೋವಿಡ್‌ನಲ್ಲಿ ತಪ್ಪಿದ ಕಲಿಕೆಯನ್ನು ತುಂಬಲು 2022-23ರಲ್ಲಿ ಕೊಟ್ಟ ಕಲಿಕಾ ಚೇತರಿಕೆಯ ಹಾಳೆಗಳು ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೆ ಬಿದ್ದಿವೆ. ಅಣ್ಣ ಅಕ್ಕ ಬರೆಯದೆ ಬಿಟ್ಟ ಪುಟಗಳು ತಮ್ಮನಿಗೆ ಬರುತ್ತವೆ. ದಯವಿಟ್ಟು ಅವನ್ನು ರದ್ದಿಗೆ ಹಾಕಬೇಡಿ.

ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಗ್ರಂಥಾಲಯಕ್ಕೆ, ಹೋಗಿ ಬನ್ನಿ. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ.

ಸಾಮಗ್ರಿ ಆರಿಸುವಾಗ ನಾನು ಮೂರೇ ವಿಷಯ ನೋಡುತ್ತೇನೆ. ಸೂಚನೆ ಮಗುವಿಗೆ ತಾನೇ ಓದಿ ತಿಳಿಯುವಷ್ಟು ಸುಲಭವಾಗಿದೆಯೇ? ಪ್ರತಿ ಹೊಸ ವಿಷಯಕ್ಕೆ ಬಿಡಿಸಿ ತೋರಿಸಿದ ಒಂದು ಲೆಕ್ಕವಾದರೂ ಇದೆಯೇ? ಉತ್ತರ ಕೊಟ್ಟಿದ್ದಾರೆಯೇ? ಬಣ್ಣದ ಚಿತ್ರ, ನುಣುಪು ಕಾಗದ ಆಮೇಲಿನ ಮಾತು.

ಉತ್ತರ ಕೈಯಲ್ಲೇ ಇದ್ದರೆ ನೋಡಿ ಬರೆದುಬಿಡುತ್ತಾರಲ್ವಾ?

ಮೊದಲ ಎರಡು ವಾರ ಬರೆಯುತ್ತಾರೆ. ಅದಕ್ಕೆ ಹೆದರಬೇಡಿ. ಉತ್ತರ ಬಚ್ಚಿಟ್ಟರೆ ಮಗು ಮತ್ತೆ ನಮ್ಮ ಮುಖವನ್ನೇ ನೋಡುತ್ತದೆ, 'ಸರಿ ಐತೇನ್ರಿ?' ಅಂತ ಪ್ರತಿ ಸಾಲಿಗೂ ಕೇಳುತ್ತದೆ.

ನಾವು ಹೀಗೆ ಮಾಡುತ್ತೇವೆ. ಲೆಕ್ಕ ಪೆನ್ಸಿಲ್‌ನಲ್ಲಿ. ಒಂದು ಪುಟ ಮುಗಿದ ಮೇಲೆ ಎದ್ದು ಹೋಗಿ, ಕಿಟಕಿ ಹತ್ತಿರ ತೂಗುಹಾಕಿದ ಉತ್ತರದ ಹಾಳೆ ನೋಡಬೇಕು. ಕೆಂಪು ಪೆನ್ನಿನಿಂದ ಮಗುವೇ ಗುರುತು ಹಾಕಿಕೊಳ್ಳಬೇಕು. ತಪ್ಪಾದದ್ದನ್ನು ಅಳಿಸುವ ಹಾಗಿಲ್ಲ. ಪಕ್ಕದಲ್ಲಿ ಮತ್ತೆ ಮಾಡಬೇಕು. ಮರುದಿನ ಮೊದಲ ಹತ್ತು ನಿಮಿಷ ಹಿಂದಿನ ದಿನದ ತಪ್ಪುಗಳದ್ದೇ. ನೋಡಿ ಬರೆದ ಮಗು ಆ ಹತ್ತು ನಿಮಿಷದಲ್ಲಿ ಒದ್ದಾಡುತ್ತದೆ. ನಾನು ಬೈಯುವುದಿಲ್ಲ. ಕೆಲವು ದಿನ ಹೀಗಾದ ಮೇಲೆ ಬಹಳ ಮಕ್ಕಳು ತಾವೇ ನೋಡಿ ಬರೆಯುವುದನ್ನು ಬಿಡುತ್ತಾರೆ.

ಒಂದು ಉದಾಹರಣೆ ಹೇಳಲೇಬೇಕು. ಏಳನೇ ತರಗತಿಯ ಒಬ್ಬ ಹುಡುಗಿ 1/2ಕ್ಕೆ 1/3 ಕೂಡಿಸಿ 2/5 ಅಂತ ಬರೆದಿದ್ದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಬಹಳ ಮಕ್ಕಳು ಮಾಡುವ ತಪ್ಪೇ ಇದು. ಹಾಳೆಯಲ್ಲಿ 5/6 ಇತ್ತು. ಅವಳು ಹಾಳೆಯೇ ತಪ್ಪು ಅಂದಳು. ನಾನು ಏನೂ ಹೇಳದೆ 'ರೊಟ್ಟಿ ಲೆಕ್ಕದಾಗ ನೋಡು' ಅಂದೆ. ಮನೆಗೆ ಹೋಗಿ ಎರಡು ರೊಟ್ಟಿ ತಗೊಂಡು, ಒಂದರಲ್ಲಿ ಅರ್ಧ, ಇನ್ನೊಂದರಲ್ಲಿ ಮೂರನೇ ಒಂದು ಪಾಲು ಮುರಿದು ಒಂದೇ ತಾಟಿನಲ್ಲಿ ಇಟ್ಟಳಂತೆ. ಮರುದಿನ ಬಾಗಿಲಿಂದಲೇ ಕೂಗಿದಳು: 'ಅಕ್ಕೋರ, ಐದರಾಗ ಎರಡು ಅಂದ್ರ ಅರ್ಧಕ್ಕಿಂತ ಕಡಿಮಿ! ಅರ್ಧ ರೊಟ್ಟಿಗೆ ಇನ್ನಷ್ಟು ಹಾಕಿದ್ರ ಕಡಿಮಿ ಹೆಂಗ ಆಗತೈತ್ರಿ?' ಆಮೇಲೆ ಪುಸ್ತಕದ ಬಿಡಿಸಿದ ಲೆಕ್ಕ ತೆಗೆದು, ಎರಡನ್ನೂ ಆರನೇ ಪಾಲುಗಳಾಗಿ ಮಾಡುವುದನ್ನು ತಾನೇ ಓದಿಕೊಂಡಳು. 3/6, 2/6, ಒಟ್ಟು 5/6. ನಾನು ಹಲಗೆ ಮೇಲೆ ಇದೇ ಲೆಕ್ಕವನ್ನು ಅದೆಷ್ಟೋ ಸಲ ಮಾಡಿ ತೋರಿಸಿದ್ದೆ. ಆಗೆಲ್ಲ ಅವಳು ತಲೆ ಆಡಿಸುತ್ತಿದ್ದಳು.

'ತೊಡಕಿನ ವಹಿ' ಅಂದರೆ ಏನು? ಎಲ್ಲರೂ ಅದರ ಮಾತೇ ಆಡುತ್ತಾರೆ.

ಅದು ಒಂದು ಸಾದಾ ನೂರು ಪುಟದ ನೋಟ್‌ಬುಕ್. ಪ್ರತಿ ಮಗುವಿಗೂ ಒಂದು. ಓದುವಾಗ ತೊಡಕಾದ ಜಾಗವನ್ನು ಅದರಲ್ಲಿ ಬರೆಯಬೇಕು. 'ತಿಳಿಯಲಿಲ್ಲ' ಅಂತ ಬರೆದರೆ ನಡೆಯದು. ಯಾವ ಪುಟ, ಯಾವ ಸಾಲು, ಎಲ್ಲಿವರೆಗೆ ತಿಳಿಯಿತು, ಎಲ್ಲಿಂದ ತಿಳಿಯಲಿಲ್ಲ ಅಂತ ಬರೆಯಬೇಕು.

ನಮ್ಮ ಸಂಜೆ ಓದಿನಲ್ಲಿ ಒಂದೇ ಒಂದು ಉಳಿಸಿಕೊಳ್ಳಿ ಅಂದರೆ ನಾನು ಈ ವಹಿಯನ್ನು ಉಳಿಸಿಕೊಳ್ಳುತ್ತೇನೆ. 'ನನಗ ಇಲ್ಲೀತನಾ ತಿಳೀತ್ರಿ, ಮುಂದ ತಿಳೀವಲ್ದು' ಅನ್ನುವ ಮಗು ಅರ್ಧ ದಾರಿ ಆಗಲೇ ನಡೆದು ಬಂದಿದೆ. ಎಷ್ಟೋ ಸಲ ಬರೆಯುತ್ತಿದ್ದ ಹಾಗೇ ತಾನೇ ತಿಳಿದು, ಆ ಸಾಲಿಗೆ ಒಂದು ಗೆರೆ ಎಳೆದು ಮುಂದೆ ಹೋಗುತ್ತದೆ. ಉಳಿದ ತೊಡಕುಗಳನ್ನು ಶನಿವಾರ ಗೆಳೆಯರು ಸೇರಿ ಬಿಡಿಸುತ್ತಾರೆ. ಅವರಿಗೂ ಆಗದ್ದು ನನ್ನ ಹತ್ತಿರ ಬರುತ್ತದೆ. ನನಗೂ ತಕ್ಷಣ ಹೊಳೆಯದಿದ್ದರೆ ಸೋಮವಾರ ಹೇಳುತ್ತೇನೆ ಅನ್ನುತ್ತೇನೆ, ಸೋಮವಾರ ಹೇಳುತ್ತೇನೆ.

ಮಕ್ಕಳು ಇದರ ಬಗ್ಗೆ ಏನು ಹೇಳುತ್ತಾರೆ?

ಶುರುವಿನಲ್ಲಿ ಯಾರೂ ಖುಷಿಯಾಗಿ ಹೇಳುವುದಿಲ್ಲ. 'ಬ್ಯಾಸರ ಬರತೈತಿ', 'ನೀವ ಹೇಳಿಬಿಡ್ರಿ, ಲಗೂನ ಮುಗೀತೈತಿ' ಅನ್ನುತ್ತಾರೆ. ಆರನೇ ತರಗತಿಯ ಒಬ್ಬ ಹುಡುಗ ಮೂರು ವಾರ ದಿನಾ ಹೀಗೇ ಹೇಳಿದ. ನಾಲ್ಕನೇ ವಾರ ಒಂದು ಸಂಜೆ ನಾನು ಅವನ ಹತ್ತಿರ ಹೋದಾಗ ಕೈ ಅಡ್ಡ ಹಿಡಿದು, 'ತಡೀರಿ, ಹೇಳಬ್ಯಾಡ್ರಿ' ಅಂದ. ಆ ದಿನ ನನಗೆ ಆದ ಸಂತೋಷ ಮರೆಯುವಂಥದ್ದಲ್ಲ.

ತರಗತಿಯಲ್ಲಿ ನಿಧಾನ ಅನ್ನಿಸಿಕೊಂಡ ಮಕ್ಕಳಿಗೆ ಇದು ಹೆಚ್ಚು ಹಿಡಿಸುತ್ತದೆ. ಒಬ್ಬಳನ್ನು ಯಾಕೆ ಅಂತ ಕೇಳಿದೆ. 'ಇಲ್ಲಿ ಯಾರೂ ನಗಂಗಿಲ್ರಿ. ನಾ ತಪ್ಪ ಮಾಡಿದ್ರ ನನ್ನ ವಹಿಗಷ್ಟ ಗೊತ್ತಾಗತೈತಿ' ಅಂದಳು. ಇನ್ನೊಬ್ಬ ಹುಡುಗಿಗೆ ಮನೆಯಲ್ಲಿ ಪುಟ್ಟ ತಮ್ಮನನ್ನು ನೋಡಿಕೊಳ್ಳುವ ಕೆಲಸ. ಅವನು ಅತ್ತರೆ ಎದ್ದು ಹೋಗಬೇಕು. ಪಾಠ ಕೇಳುವಾಗ ಎದ್ದು ಹೋದರೆ ಆ ಪಾಠ ಹೋಯಿತು. ಪುಸ್ತಕ ಹಾಗಲ್ಲ, ಬಿಟ್ಟಲ್ಲೇ ಕಾಯುತ್ತದೆ.

ಚುರುಕಾದ ಮಕ್ಕಳ ತೊಂದರೆ ಬೇರೆ. ಅವರು ಓಡುತ್ತಾರೆ. ಪುಟ ಮುಗಿಸುವುದೇ ಕಲಿಕೆ ಅಂತ ತಿಳಿಯುತ್ತಾರೆ. ಅಂಥವರಿಗೆ 'ಈ ಪಾಠದ ಮೇಲೆ ನೀನೇ ಐದು ಪ್ರಶ್ನೆ ಮಾಡು, ಉತ್ತರ ಪುಸ್ತಕದಲ್ಲಿ ನೇರವಾಗಿ ಇರಬಾರದು' ಅನ್ನುತ್ತೇನೆ. ಆಗ ನಿಲ್ಲುತ್ತಾರೆ.

ಒಂಟಿತನವೂ ಇದೆ, ಮುಚ್ಚಿಡಬಾರದು. ಪೂರ್ತಿ ಒಬ್ಬರೇ ಮನೆಯಲ್ಲಿ ಓದಿದ ಮಕ್ಕಳು ಒಂದೆರಡು ತಿಂಗಳಿಗೆ ಸುಸ್ತಾಗುತ್ತಾರೆ. ಇಬ್ಬರು ಮೂವರು ಹತ್ತಿರ ಕೂತು, ಬೇರೆ ಬೇರೆ ಪುಸ್ತಕ ಓದಿದರೂ ಸರಿ, ಅದು ಬಾಳಿಕೆ ಬರುತ್ತದೆ.

ನಾವು ಶಾಲೆ ಕಲಿತವರಲ್ಲ. ಮಗುವಿಗೆ ಹೇಗೆ ನೆರವಾಗೋದು?

ಕೇಳುವವರಾಗಿ. ಅಕ್ಷರ ಬರದ ತಾಯಿ ಕೊಡಬಹುದಾದ ನೆರವು ನಾನು ಕೊಡುವುದಕ್ಕಿಂತ ಕಡಿಮೆಯದ್ದಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ನಾನು ಕಂಡದ್ದು.

ಒಬ್ಬ ತಾಯಿ ರೊಟ್ಟಿ ಬಡಿಯುವಾಗ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು 'ಇವತ್ತ ಏನ ಓದಿದಿ, ನನಗ ಹೇಳು' ಅನ್ನುತ್ತಿದ್ದರು. ಒಂದು ದಿನ ಮಗಳು ಗಿಡಗಳು ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುವುದನ್ನು ಹೇಳಿದಳು. ತಾಯಿ ಕೇಳಿದರು: 'ಹಂಗಾರ ರಾತ್ರಿ ಗಿಡ ಏನ ಮಾಡತಾವ?' ಮಗಳಿಗೆ ಗೊತ್ತಿರಲಿಲ್ಲ. ಮರುದಿನ ಅದನ್ನೇ ತೊಡಕಿನ ವಹಿಯಲ್ಲಿ ಬರೆದುಕೊಂಡು ಬಂದಳು. ಆಹಾರ ಮಾಡಲು ಬೆಳಕು ಬೇಕು, ಉಸಿರಾಟ ಮಾತ್ರ ಹಗಲು ರಾತ್ರಿ ನಡೆಯುತ್ತದೆ ಅಂತ ಪುಸ್ತಕದಲ್ಲಿ ಹುಡುಕಿ ತೆಗೆದಳು. ಆ ಪಾಠದಲ್ಲಿ ಅಷ್ಟು ಒಳ್ಳೆಯ ಪ್ರಶ್ನೆಯನ್ನು ನಾನು ಎಂದೂ ಕೇಳಿರಲಿಲ್ಲ.

ಇನ್ನು ಮೂರು ಸಣ್ಣ ಕೆಲಸ. ಓದುವ ಹೊತ್ತಿಗೆ ಟಿವಿ ಬಂದ್ ಮಾಡಿ. ಬೆಳಕು ಬೀಳುವ ಒಂದು ಮೂಲೆ ಕೊಡಿ. ಕೂತು ಓದುವಾಗ 'ಒಂದೀಟು ನೀರ ತಾ, ಅಂಗಡಿಗೆ ಹೋಗು' ಅಂತ ಎಬ್ಬಿಸಬೇಡಿ. ಹೆಣ್ಣುಮಕ್ಕಳನ್ನಂತೂ ದಯವಿಟ್ಟು ಎಬ್ಬಿಸಬೇಡಿ. ಅವರಿಗೆ ಸಿಗುವುದೇ ಆ ಒಂದು ತಾಸು.

ದಿನಕ್ಕೆ ಎಷ್ಟು ಹೊತ್ತು ಕೂರಬೇಕು?

ನಾಲ್ಕು, ಐದನೇ ತರಗತಿಗೆ ಅರ್ಧ ತಾಸು. ಆರರಿಂದ ಎಂಟಕ್ಕೆ ಒಂದು ತಾಸು, ನಡುವೆ ಒಂದು ಸಲ ಎದ್ದು ಓಡಾಡಲಿ. ಭಾನುವಾರ ಬೇಡ. ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ಬೇಗ ಓದಲಿ, ಮಧ್ಯಾಹ್ನ ಮಲಗಲಿ.

ಎಂಟನೇ ತರಗತಿಯ ಮಗನಿಗೆ ಐದನೇ ತರಗತಿಯ ಪುಸ್ತಕ ಕೊಟ್ಟಿದ್ದೀರಿ. ಅವನಿಗೆ ಅವಮಾನ ಆಗಲ್ವಾ?

ಆಗುತ್ತದೆ, ನಾವು ಅದನ್ನು ಹೇಗೆ ಕೊಡುತ್ತೇವೆ ಅನ್ನುವುದರ ಮೇಲೆ. ನಾಲ್ಕು ಜನರ ಎದುರು 'ನಿನಗೆ ಐದನೇ ತರಗತಿಯದ್ದೇ ಸರಿ' ಅಂದರೆ ಆ ಹುಡುಗ ಮರುದಿನ ಬರುವುದಿಲ್ಲ.

ಗಣಿತ ಮೆಟ್ಟಿಲಿದ್ದ ಹಾಗೆ. ಭಾಗಾಕಾರ ಬಾರದೆ ಭಿನ್ನರಾಶಿ ಬರುವುದಿಲ್ಲ, ಭಿನ್ನರಾಶಿ ಬಾರದೆ ಬೀಜಗಣಿತ ಬರುವುದಿಲ್ಲ. ಹಾಗಾಗಿ ಎಲ್ಲಿ ಮೆಟ್ಟಿಲು ಮುರಿದಿದೆಯೋ ಅಲ್ಲಿಗೇ ಇಳಿಯಬೇಕು. ನಾವು ಪುಸ್ತಕದ ಹಾಳೆಗಳನ್ನು ಬಿಚ್ಚಿ, ತರಗತಿಯ ಹೆಸರು ತೆಗೆದು, 'ಭಾಗಾಕಾರ ಒಂದು', 'ಭಾಗಾಕಾರ ಎರಡು' ಅಂತ ಕಟ್ಟು ಮಾಡಿ ಇಟ್ಟಿದ್ದೇವೆ. ಚುರುಕಾದ ಮಕ್ಕಳೂ ಮೊದಲು ಅದೇ ಕಟ್ಟುಗಳನ್ನು ಮಾಡಿ ಮುಂದೆ ಹೋಗುತ್ತಾರೆ. ನಿಮ್ಮ ಮಗ ಒಂದೊಂದು ಕಟ್ಟನ್ನು ಬೇಗ ಮುಗಿಸುತ್ತಾನೆ ನೋಡಿ. ಹತ್ತು ವರ್ಷದ ಮಗುವಿಗೆ ಒಂದು ತಿಂಗಳು ಬೇಕಾದದ್ದು ಹದಿಮೂರರ ಹುಡುಗನಿಗೆ ಸಾಮಾನ್ಯವಾಗಿ ಅಷ್ಟು ಹಿಡಿಯುವುದಿಲ್ಲ.

ಮೊಬೈಲ್ ಇಲ್ಲದೆ ಆಗುತ್ತಾ?

ಆಗುತ್ತದೆ. ಎಷ್ಟೋ ಮನೆಗಳಲ್ಲಿ ಇರುವುದು ಅಪ್ಪನ ಒಂದೇ ಫೋನು, ಅದೂ ರಾತ್ರಿ ಎಂಟರ ಮೇಲೆ ಮನೆಗೆ ಬರುತ್ತದೆ. ವಾರಕ್ಕೆ ಒಮ್ಮೆ ಬೇಕಾದ ವಿಡಿಯೊಗಳನ್ನು ದೀಕ್ಷಾದಲ್ಲಿ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ. ವಿಡಿಯೊ ನೋಡಿದ ಮೇಲೆ ಫೋನ್ ಮಗುಚಿ ಇಟ್ಟು, ನೋಡಿದ್ದನ್ನು ವಹಿಯಲ್ಲಿ ಬರೆಯಬೇಕು. ಸುಮ್ನೆ ನೋಡುತ್ತಾ ಹೋದರೆ ತಿಳಿದ ಹಾಗೆ ಅನ್ನಿಸುತ್ತದೆ, ತಿಳಿದಿರುವುದಿಲ್ಲ.

ದೀಪಾವಳಿ ಆದ ಮೇಲೆ ಕಬ್ಬು ಕಡಿಯಲು ಹೋಗುತ್ತೇವೆ. ಮಗುವಿನ ಓದು ಏನಾಗಬೇಕು?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ವಿಜಯಪುರದ ತಾಂಡಾಗಳಿಂದ, ಹಳ್ಳಿಗಳಿಂದ ಎಷ್ಟೋ ಕುಟುಂಬಗಳು ನಾಲ್ಕೈದು ತಿಂಗಳು ಹೊರಗೇ. ಕೆಲವರು ಬಾಗಲಕೋಟೆ, ಬೆಳಗಾವಿಯ ಕಬ್ಬಿನ ಗದ್ದೆಗಳಿಗೆ, ಕೆಲವರು ಮಹಾರಾಷ್ಟ್ರ, ಗೋವಾಕ್ಕೆ. ಸಾಧ್ಯವಿದ್ದರೆ ಮಗುವನ್ನು ಅಜ್ಜಿ ಹತ್ತಿರ ಊರಲ್ಲೇ ಬಿಟ್ಟು ಹೋಗಿ. ಅದು ಎಲ್ಲರಿಗೂ ಆಗುವುದಿಲ್ಲ ಅಂತ ನನಗೆ ಗೊತ್ತು.

ಕರೆದೊಯ್ಯುವುದೇ ಆದರೆ ಹೋಗುವ ಮೊದಲು ಶಾಲೆಗೆ ಬಂದು ಹೇಳಿ. ಸದ್ದಿಲ್ಲದೆ ಹೋಗಬೇಡಿ. ನಾವು ಒಂದು ಚೀಲ ಕೊಡುತ್ತೇವೆ. ಎರಡು ಪಠ್ಯಪುಸ್ತಕ, ವಾರಕ್ಕೊಂದರಂತೆ ಕಟ್ಟಿದ ಹಾಳೆಗಳು, ಬೇರೆ ಲಕೋಟೆಯಲ್ಲಿ ಉತ್ತರ, ಓದಲು ನಾಲ್ಕು ಕಥೆಪುಸ್ತಕ, ತೊಡಕಿನ ವಹಿ. ಮಳೆ, ಇಬ್ಬನಿ ತಾಗದಂತೆ ಎಲ್ಲವೂ ಪ್ಲಾಸ್ಟಿಕ್ ಚೀಲದೊಳಗೆ. ಭಾನುವಾರ ಸಂಜೆ ಮಗು ಫೋನ್ ಮಾಡಿ ವಹಿಯಲ್ಲಿ ಬರೆದದ್ದನ್ನು ಓದಿ ಹೇಳುತ್ತದೆ. ಹತ್ತು ನಿಮಿಷ ಸಾಕು. ಹೋದಲ್ಲಿ ಹತ್ತಿರದ ಶಾಲೆಗೋ ಟೆಂಟ್ ಶಾಲೆಗೋ ಸೇರಿಸಿ. ವರ್ಗಾವಣೆ ಪತ್ರ ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದು ಇದೆ.

ಒಂದು ವರ್ಷ ಒಬ್ಬ ಹುಡುಗ ಗದ್ದೆಯಲ್ಲಿದ್ದಾಗ ಗಳ, ಕಟ್ಟು, ಟ್ರ್ಯಾಕ್ಟರ್ ಲೋಡು ಇವುಗಳನ್ನೇ ಇಟ್ಟುಕೊಂಡು ಗುಣಾಕಾರದ ಲೆಕ್ಕಗಳನ್ನು ತಾನೇ ಬರೆದುಕೊಂಡು ಬಂದ. ನಾನು ಕೊಟ್ಟ ಹಾಳೆಗಳಲ್ಲಿ ಅರ್ಧ ಹಾಗೇ ಉಳಿದಿದ್ದವು. ಅವನ ಲೆಕ್ಕಗಳೇ ಈಗ ನಮ್ಮ 'ಗುಣಾಕಾರ ಮೂರು' ಕಟ್ಟಿನಲ್ಲಿವೆ.

ಮನೆಯಲ್ಲಿ ಮರಾಠಿ ಮಾತಾಡುತ್ತೇವೆ. ಮಗು ಕನ್ನಡದಲ್ಲಿ ತಾನೇ ಓದಿ ತಿಳಿಯುತ್ತಾ?

ನಿಪ್ಪಾಣಿ, ಖಾನಾಪುರ, ಅಥಣಿ ಕಡೆಯ ಶಿಕ್ಷಕರು ಇದನ್ನು ಜಾಸ್ತಿ ಕೇಳುತ್ತಾರೆ. ಉರ್ದು, ಲಂಬಾಣಿ ಮಾತಾಡುವ ಮನೆಗಳದ್ದೂ ಇದೇ ಪ್ರಶ್ನೆ. ಒಂದು ಸುಲಭ ದಾರಿ ಇದೆ. ನಮ್ಮ ರಾಜ್ಯದ ಪಠ್ಯಪುಸ್ತಕಗಳು ಮರಾಠಿ, ಉರ್ದು ಸೇರಿ ಏಳು ಮಾಧ್ಯಮಗಳಲ್ಲಿ ಅಚ್ಚಾಗುತ್ತವೆ. ಅದೇ ತರಗತಿಯ ಗಣಿತದ ಪುಸ್ತಕವನ್ನು ಮನೆಮಾತಿನಲ್ಲೂ ತಂದು ಕನ್ನಡದ್ದರ ಪಕ್ಕ ಇಡಿ. ತಿಳಿಯದ ಪದ ಬಂದಾಗ ಮಗು ಆ ಕಡೆ ನೋಡಿಕೊಳ್ಳುತ್ತದೆ. ಲಂಬಾಣಿಗೆ ಹಾಗೆ ಪುಸ್ತಕ ಇಲ್ಲ. ಅಲ್ಲಿ ದೊಡ್ಡ ತರಗತಿಯ ತಾಂಡಾದ ಮಕ್ಕಳೇ ಚಿಕ್ಕವರಿಗೆ ಪದ ಹೇಳಬೇಕು, ಹೇಳುತ್ತಾರೆ ಕೂಡ.

ಗೈಡ್ ತರಬಹುದಾ?

ಬೇಡ. ಅದರಲ್ಲಿ ಉತ್ತರ ಇರುತ್ತದೆ, ದಾರಿ ಇರುವುದಿಲ್ಲ.

ಟ್ಯೂಷನ್ ಬಿಡಿಸಿಬಿಡಲಾ?

ಒಂದೇ ಸಲ ಬಿಡಿಸಬೇಡಿ. ಒಂದು ವಿಷಯ ಮಾತ್ರ ತಾನೇ ಓದಲಿ, ಎರಡು ತಿಂಗಳು ನೋಡಿ. ಟ್ಯೂಷನ್ ಹೇಳುವವರು ಒಳ್ಳೆಯವರಾಗಿದ್ದರೆ ತೊಡಕಿನ ವಹಿಯನ್ನು ಅವರ ಹತ್ತಿರವೂ ಒಯ್ಯಲಿ.

ನವೋದಯ, ಎನ್‌ಎಂಎಂಎಸ್ ಪರೀಕ್ಷೆಗೆ ಇಷ್ಟರಲ್ಲೇ ತಯಾರಿ ಆಗುತ್ತಾ?

ಆಗುತ್ತದೆ. ಆರನೇ ತರಗತಿಗೆ ಸೇರುವ ನವೋದಯ ಪರೀಕ್ಷೆಯಲ್ಲಿ 80 ಪ್ರಶ್ನೆ, 100 ಅಂಕ, ಎರಡು ತಾಸು. ಅದರಲ್ಲಿ 40 ಪ್ರಶ್ನೆ ಚಿತ್ರ ನೋಡಿ ಯೋಚಿಸುವಂಥವು. ಎನ್‌ಎಂಎಂಎಸ್ ಒಂದು ವಿದ್ಯಾರ್ಥಿವೇತನದ ಪರೀಕ್ಷೆ. ಅದನ್ನು ಎಂಟನೇ ತರಗತಿಯವರು ಬರೆಯುತ್ತಾರೆ. 90 ಪ್ರಶ್ನೆಗಳ ಎರಡು ಪತ್ರಿಕೆ. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ನಾಲ್ಕು ವರ್ಷ, ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳೇ ಒಳ್ಳೆಯ ಸಾಮಗ್ರಿ. ಗಡಿಯಾರ ಇಟ್ಟುಕೊಂಡು ಬರೆಯಲಿ, ತಾನೇ ತಿದ್ದಲಿ. ಆದರೆ ಇದಕ್ಕಾಗಿಯೇ ಮಗು ಓದುವ ಹಾಗೆ ಮಾಡಬೇಡಿ. ಸೀಟು ಸಿಗದ ಮಕ್ಕಳೇ ಜಾಸ್ತಿ. ಅವರ ಓದು ಅಂದೇ ನಿಲ್ಲಬಾರದು.

ನಿಮ್ಮಲ್ಲಿ ಇದು ಸೋತದ್ದೂ ಇದೆಯಾ?

ಇದೆ. ಮೊದಲ ವರ್ಷ ನಾನೇ ತಪ್ಪು ಮಾಡಿದೆ. ಎಲ್ಲರಿಗೂ ಒಂದೇ ಥರದ ಹಾಳೆ ಕೊಟ್ಟು ಕೂರಿಸಿದೆ. ನಾಲ್ಕನೇ ತರಗತಿಯ ಮೂವರು ಮಕ್ಕಳು ಒಂದು ತಿಂಗಳು ಸದ್ದಿಲ್ಲದೆ ಪುಟ ತಿರುಗಿಸಿದರು. ಒಳ್ಳೆಯ ಮಕ್ಕಳು, ಗಲಾಟೆ ಮಾಡುವುದಿಲ್ಲ ಅಂದುಕೊಂಡೆ. ಒಂದು ದಿನ ಗಟ್ಟಿಯಾಗಿ ಓದಿಸಿದಾಗ ಗೊತ್ತಾಯಿತು, ಅವರಿಗೆ ಒತ್ತಕ್ಷರ ಬರುತ್ತಿರಲಿಲ್ಲ. ಒಂದು ತಿಂಗಳು ಅವರು ಏನೂ ತಿಳಿಯದೆ ನನ್ನ ಎದುರಿಗೇ ಕೂತಿದ್ದರು.

ಓದಲು ಬಾರದ ಮಗುವಿಗೆ ಸ್ವ-ಕಲಿಕೆ ಇಲ್ಲ. ಮೊದಲು ಓದು ಕಲಿಸಬೇಕು, ಅದಕ್ಕೆ ಪಕ್ಕದಲ್ಲಿ ಮನುಷ್ಯರೇ ಬೇಕು. ಈಗ ಯಾರೇ ಹೊಸದಾಗಿ ಬಂದರೂ ಮೊದಲ ದಿನ ಒಂದು ಪುಟ ಗಟ್ಟಿಯಾಗಿ ಓದಿಸುತ್ತೇನೆ. ನೀವೂ ಮನೆಯಲ್ಲಿ ಹಾಗೇ ಮಾಡಿ.

ಹತ್ತನೇ ತರಗತಿಯಲ್ಲಿ ಫೇಲಾಗಿ ಮನೆಯಲ್ಲಿರುವ ಮಗಳು ಹೀಗೆ ಓದಬಹುದಾ?

ಖಂಡಿತ. ಈಗ ಒಂದೇ ವರ್ಷದಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಒಂದಕ್ಕಿಂತ ಹೆಚ್ಚು ಸಲ ಬರೆಯುವ ಅವಕಾಶವಿದೆ. ಶಾಲೆಗೆ ಹೋಗಿ ಕೇಳಿ, ಸಂಕೋಚ ಬೇಡ. ಮನೆಯಲ್ಲೇ ಓದಿ ಬರೆಯುವವರಿಗಾಗಿ ರಾಷ್ಟ್ರೀಯ ಮುಕ್ತ ಶಾಲೆಯೂ (ಎನ್‌ಐಒಎಸ್) ಇದೆ. ಮದುವೆ ಮಾತು ಎತ್ತುವ ಮೊದಲು ಅವಳಿಗೆ ಒಂದು ವರ್ಷ ಕೊಡಿ.

ತೊಡಕಿನ ವಹಿ ತುಂಬಿದ ಮೇಲೆ ಏನು ಮಾಡಬೇಕು?

ಇಟ್ಟುಕೊಳ್ಳಿ. ಮೇಲೆ ಹೇಳಿದ ರೊಟ್ಟಿಯ ಹುಡುಗಿ ಈಗ ಪಕ್ಕದ ಊರಿನ ಹೈಸ್ಕೂಲಿನಲ್ಲಿದ್ದಾಳೆ. ಅವಳ ತಮ್ಮ ನಮ್ಮಲ್ಲೇ ಓದುತ್ತಾನೆ. ಹೋದ ತಿಂಗಳು ಅವನು ಅಕ್ಕನ ಹಳೇ ವಹಿ ಹಿಡಿದು ವರಾಂಡಕ್ಕೆ ಬಂದ. ಅದರಲ್ಲಿ 2/5ಕ್ಕೆ ಕೆಂಪು ಗುರುತು, ಕೆಳಗೆ ಅವಳೇ ಬರೆದ ದುಂಡನೆಯ ಎರಡು ರೊಟ್ಟಿ. 'ಅಕ್ಕನೂ ಇಲ್ಲೇ ಸಿಕ್ಕೊಂಡಿದ್ಲೇನ್ರಿ?' ಅಂತ ಕೇಳಿದ. ಹೌದು ಅಂದೆ. ಅವನು ಕೂತು, ತನ್ನ ವಹಿಯಲ್ಲಿ ರೊಟ್ಟಿ ಬರೆಯಲು ಶುರು ಮಾಡಿದ.